ಕೋರಂ ಮತ್ತು ನನ್ನ ತಲೆಬರಹ

ಪತ್ರಿಕೆಗೆ ಸುದ್ದಿ ಬರೆದು ಕಳಿಸುವವನಿಗೆ ಹೆಂಡತಿಯ ತವರುಮನೆ ಅದೇ ಊರಿನಲ್ಲಿ ಇರಬಾರದು. ಇದ್ದರೂ ಅಲ್ಲಿ ಭಾವಂದಿರು ಇರಬಾರದು. ಇದ್ದರೂ ಅವರು ದನ, ತೋಟ, ಇಸ್ಪೀಟು ಇಷ್ಟರಲ್ಲೇ ಸುಖವಾಗಿರಬೇಕು. ನನ್ನ ಪಾಲಿಗೆ ಈ ಮೂರರಲ್ಲಿ ಒಂದೂ ಒದಗಿ ಬರಲಿಲ್ಲ. ನನ್ನ ಹೆಂಡತಿ ಶಾರದೆಯ ತವರುಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿ ಅವಳ ಅಣ್ಣ ಸುಬ್ರಾಯ ಭಾವ. ಅವನು ನಮ್ಮ ತಾಲೂಕು ಬೋರ್ಡಿನ ಅಧ್ಯಕ್ಷ, ಬೋರ್ಡಿನಲ್ಲಿ ಬಹುಮತವಿದ್ದ ಪಕ್ಷದ ಮುಂದಾಳು. ಯಾವ ತಾಲೂಕು ಎಂದು ಮಾತ್ರ ಕೇಳಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರರಲ್ಲಿ ಒಂದು. ಹೆಸರು ಹೇಳಿದರೆ ಆ ಊರಿನವರಿಗೆ ಸಿಟ್ಟು. ಹೇಳದಿದ್ದರೆ ಮೂರೂ ಊರಿನವರಿಗೆ ನಗು. ನಗುವವರ ಸಂಖ್ಯೆ ಹೆಚ್ಚಿರಲಿ ಎಂದು ಸುಮ್ಮನಿದ್ದೇನೆ.

ನಾನು ಬಾತ್ಮೀದಾರನಾದದ್ದು ಬರವಣಿಗೆಯ ಬಲದಿಂದಲ್ಲ. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ ಇತ್ತು. ಪಾಟಿ, ಕಡ್ಡಿ, ಶಾಯಿ, ಮಳೆಗಾಲಕ್ಕೆ ಕೊಡೆ, ಜೊತೆಗೆ ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಏಜೆನ್ಸಿ. ಪತ್ರಿಕೆ ಮಾರುವವನೇ ಸುದ್ದಿಯನ್ನೂ ಕಳಿಸಲಿ ಎಂದು ಅವರು ಒಂದು ಪತ್ರ ಬರೆದರು, ನಾನು ಒಪ್ಪಿದೆ, ಅಷ್ಟೆ. ಸುದ್ದಿ ಬರೆದು, ಲಕೋಟೆಗೆ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಮರುದಿನದ್ದಲ್ಲದಿದ್ದರೂ ಅದರ ಮರುದಿನದ ಪತ್ರಿಕೆಯಲ್ಲಿ ಅದು ಮುದ್ರಣವಾಗಿ ಅದೇ ಬಸ್ಸಿನಲ್ಲಿ ಹಿಂದಿರುಗುತ್ತಿತ್ತು. ನನ್ನ ಸುದ್ದಿಗಳೂ ದೊಡ್ಡವೇನಲ್ಲ. ಚಿರತೆ ಕರುವನ್ನು ಹೊತ್ತದ್ದು, ಸಾಹೇಬರು ಶಾಲೆಗೆ ಭೇಟಿ ಕೊಟ್ಟದ್ದು, ಗಾಳಿಮಳೆಗೆ ತಂತಿ ಕಂಬ ಉರುಳಿದ್ದು. ಓದುವವರೂ ಇಷ್ಟರಲ್ಲೇ ತೃಪ್ತರು. ಕರು ಯಾರದ್ದೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಆದರೂ ಅಚ್ಚಾದ ಮೇಲೆ ಆ ಕರುವಿಗೊಂದು ಘನತೆ ಬರುತ್ತಿತ್ತು.

ತಾಲೂಕು ಬೋರ್ಡಿನ ಸಭೆಗಳ ವರದಿಯೂ ನನ್ನ ಪಾಲಿಗೇ ಬಂತು. ಮುಂಬಯಿ ಕಡೆಯಿಂದ ಮೈಸೂರು ರಾಜ್ಯಕ್ಕೆ ನಾವು ಸೇರಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಆಡಳಿತ ಬದಲಾದರೂ ನಾಲಗೆ ಬದಲಾಗಿರಲಿಲ್ಲ. ಬೆಂಗಳೂರಿನ ಕಾಗದಗಳಲ್ಲಿ 'ನಿರ್ಣಯ' ಎಂದಿರುತ್ತಿತ್ತು, ನಮ್ಮ ಸದಸ್ಯರು 'ಠರಾವು' ಎನ್ನುತ್ತಿದ್ದರು. ಹಿರಿಯ ಸದಸ್ಯರೊಬ್ಬರಂತೂ "ಈ ನಿರ್ಣಯದ ಮೇಲೆ ಒಂದು ಠರಾವು ಆಗಲಿ" ಎಂದು ಸೂಚಿಸಿ, ಅದು ಅನುಮೋದನೆಯೂ ಆಗಿ, ಏನು ಆಯಿತೆಂದು ಗುಮಾಸ್ತನಿಗೂ ತಿಳಿಯದೆ ಹೋಗಿತ್ತು. ನಾನು ಇಂಥದ್ದನ್ನೆಲ್ಲ ಬಿಟ್ಟು, ಬೆಂಗಳೂರಿನ ವಿಧಾನಸಭೆಯ ವರದಿಗಳನ್ನು ಎರಡೆರಡು ಸಲ ಓದಿ, 'ಸಭಾತ್ಯಾಗ', 'ಮಂಡನೆ', 'ತಿದ್ದುಪಡಿ' ಮುಂತಾದ ಭಾರಿ ಶಬ್ದಗಳನ್ನು ಕಲಿತು ನಮ್ಮ ಬೋರ್ಡಿಗೆ ತೊಡಿಸುತ್ತಿದ್ದೆ. ನಮ್ಮ ಬೋರ್ಡಿನವರು ತಾವು ಇಷ್ಟು ಕೆಲಸ ಮಾಡಿದ್ದೇವೆಂದು ನನ್ನ ವರದಿ ಓದಿಯೇ ತಿಳಿದುಕೊಳ್ಳುತ್ತಿದ್ದರು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಒಂದು ಮುಖ್ಯ ಸಭೆ ಕರೆದಿದ್ದರು. ಕೆಳಗಿನಕೇರಿ ಎಂಬ ಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಅದಕ್ಕೆ ಊರವರು ಅಡಿಕೆ ಮರಗಳನ್ನು ಜೋಡಿಸಿ ಸಂಕ ಹಾಕುವುದು, ಮಳೆಗಾಲದ ಮೊದಲ ನೆರೆ ಅದನ್ನು ಕೊಂಡೊಯ್ಯುವುದು, ಇದು ಪ್ರತಿ ವರ್ಷದ ಪದ್ಧತಿ. ಹಿಂದಿನ ಮಳೆಗಾಲದಲ್ಲಿ ಸಂಕ ಹೋದ ದಿನವೇ ಆಚೆ ದಡದ ಮನೆಯಲ್ಲಿ ಹೆರಿಗೆ ನೋವು ಶುರುವಾಗಿ, ಸೂಲಗಿತ್ತಿ ಈಚೆ ದಡದಲ್ಲಿ ನಿಂತು, ಹಳ್ಳದ ಸದ್ದಿನ ಮೇಲೆ ಗಂಟಲು ಹರಿಯುವಂತೆ ಕೂಗಿ ಕೂಗಿ ಹೇಳಿ, ಆಚೆಯ ಹೆಂಗಸರು ಹಾಗೆ ಹಾಗೆ ಮಾಡಿ, ಹೇಗೋ ಮಗು ಹುಟ್ಟಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಸೂಲಗಿತ್ತಿಯ ಧ್ವನಿ ಮಾತ್ರ ದೀಪಾವಳಿಯವರೆಗೆ ಬರಲಿಲ್ಲ. ಅಲ್ಲಿಗೆ ಕಲ್ಲಿನ ಕಂಬ ಕಟ್ಟಿ ಒಂದು ಗಟ್ಟಿ ಕಾಲುಸೇತುವೆ ಮಾಡಬೇಕೆಂದು ಬೋರ್ಡು ನಿರ್ಣಯಿಸಿ, ಆ ಕಾಗದ ಮಳೆಗೆ ಮುಂಚೆ ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗಬೇಕಿತ್ತು. ಬಹುಮತದ ಪಕ್ಷಕ್ಕೆ ಸೇತುವೆ ಬೇಕಿತ್ತು. ವಿರೋಧ ಪಕ್ಷಕ್ಕೂ ಬೇಕಿತ್ತು. ಎಲ್ಲರಿಗೂ ಬೇಕಾದ ಕೆಲಸ ಎಷ್ಟು ಕಷ್ಟದ್ದೆಂದು ನನಗೆ ಆ ದಿನ ತಿಳಿಯಿತು.

ಏಕೆಂದರೆ ಅದೇ ದಿನ ಬಹುಮತದ ಪಕ್ಷದ ಸದಸ್ಯರೊಬ್ಬರ ಮಗಳ ಮದುವೆ ಭೈರುಂಬೆಯಲ್ಲಿತ್ತು. ಪಕ್ಷದವರೆಲ್ಲ ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದರು. ಊಟ ಮುಗಿಸಿ ಸಭೆಯ ಹೊತ್ತಿಗೆ ಬರುವುದೆಂದು ಮಾತಾಗಿತ್ತು. ಆದರೆ ಮದುವೆ ಊಟದಲ್ಲಿ ಹೋಳಿಗೆ ಇತ್ತು, ಅದರ ಮೇಲೆ ಮಾವಿನ ಹಣ್ಣಿನ ರಸಾಯನ ಇತ್ತು, ಚಪ್ಪರದ ಕೆಳಗೆ ಕಂಬಳಿ ಹಾಸಿತ್ತು. ಮನುಷ್ಯ ಎಂದ ಮೇಲೆ ಇಷ್ಟೆಲ್ಲ ದಾಟಿ ತಾಲೂಕು ಬೋರ್ಡಿಗೆ ಬರುವುದು ಸುಲಭವಲ್ಲ. ಸುಬ್ರಾಯ ಭಾವ ಒಬ್ಬನೇ, ಅಧ್ಯಕ್ಷನಾದ ತಪ್ಪಿಗೆ, ಮದುವೆಗೆ ಹೋಗದೆ ಸಭೆಗೆ ಬಂದು ಕುಳಿತಿದ್ದ. ಅವನ ಬಲಗಡೆಯ ಕುರ್ಚಿಗಳೆಲ್ಲ ಖಾಲಿ. ಎಡಗಡೆ ವಿರೋಧ ಪಕ್ಷದವರು ಒಬ್ಬರೂ ಬಿಡದೆ ಹಾಜರು. ಅವರ ಮುಂದಾಳು ವೀರಭದ್ರಪ್ಪನವರು ಬನವಾಸಿ ಕಡೆಯಿಂದ ಬಂದು ನಮ್ಮ ಊರಲ್ಲಿ ನೆಲೆಸಿದ ವ್ಯಾಪಾರಿ. ಅವರ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಎಷ್ಟೇ ಚೌಕಾಸಿ ಮಾಡಿದರೂ ಅವರು ನಗುತ್ತಲೇ ಇರುತ್ತಿದ್ದರು. ಅಂದೂ ನಗುತ್ತಲೇ ಎದ್ದು ನಿಂತರು.

"ಅಧ್ಯಕ್ಷರ, ಕೋರಂ ಎಲ್ಲೈತ್ರಿ?"

ಸಭೆ ನಡೆಯಬೇಕಾದರೆ ಇಷ್ಟು ಮಂದಿ ಇರಲೇಬೇಕು ಎಂಬ ಲೆಕ್ಕಕ್ಕೆ ಕೋರಂ ಎನ್ನುತ್ತಾರೆ. ಭಾವ ತಲೆ ಎಣಿಸಿ, "ಇದ್ದಲ್ರೀ, ನೀವೆಲ್ಲ ಕೂತ್ರೆ ಸರಿಯಾಗಿ ಆಗ್ತದೆ" ಎಂದ.

"ನಾವ್ ಕುಂತ್ರ ಆಗತೈತಿ. ನಾವ್ ಎದ್ ಹೋದ್ರ ನಿಮ್ಮ ಸಭಾ ಬೀಳತೈತಿ. ಹಂಗಾದ್ರ ಬಹುಮತ ಯಾರದ್ರಿ, ನಿಮ್ದೋ ನಮ್ದೋ?"

"ಸೇತುವೆ ನಿಮಗೂ ಬೇಕಲ್ಲ ವೀರಭದ್ರಪ್ನೋರೇ."

"ಬೇಕ್ರಿ. ಯಾರ್ ಬ್ಯಾಡಂದ್ರು? ಆದ್ರ ಸೇತುವಿ ಆದ ಮ್ಯಾಲ ನಿಮ್ಮ ಮಂದಿ ಬಂದು, ನಾವ್ ಮಾಡಿದ್ದು ಅಂತ ಭಾಷಣಾ ಮಾಡ್ತಾರ. ನಿದ್ದಿ ಅವರದು, ಎಚ್ಚರ ನಮ್ದು, ಹೆಸರು ಅವರದು. ಇದು ಆಗೂದಿಲ್ಲ ನೋಡ್ರಿ. ಕೋರಂ ನಡಸೂದು ಬಹುಮತದವರ ಹೊಣಿ."

ಹೀಗೆಂದು ಅವರು ಹೊರಟರು. ಅವರ ಹಿಂದೆ ಅವರ ಪಕ್ಷವೂ ಹೊರಟಿತು. ಭಾವ, ಗುಮಾಸ್ತ, ನಾನು ಮೂವರು ಉಳಿದೆವು. ಸಭೆ ಬಿದ್ದಿತು. ಭಾವ ಮೇಜಿನ ಮೇಲಿನ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಸರಿಮಾಡಿ, ಮತ್ತೆ ತೆಗೆದು ಇನ್ನೊಂದು ರೀತಿ ಇಟ್ಟು, ನನ್ನ ಕಡೆ ನೋಡಿ, "ಭಾವ, ವಿರೋಧ ಪಕ್ಷದವು ಸಭೆ ಕೆಡಿಸಿದ್ದು ಹೇಳಿ ಬರೆ" ಎಂದ. ನಮ್ಮ ಮನೆಮಾತಿನಲ್ಲಿ 'ಹೇಳಿ' ಅಂದರೆ 'ಎಂದು'. ನಮ್ಮಲ್ಲಿ ಅವನು ನನಗೆ ಭಾವ, ನಾನು ಅವನಿಗೆ ಭಾವ. ಇಬ್ಬರಿಗೂ ಒಂದೇ ಹೆಸರಾದ್ದರಿಂದ ಯಾರು ಯಾರ ಮಾತು ಕೇಳಬೇಕೆಂಬುದು ಎಂದೂ ಇತ್ಯರ್ಥವಾಗಿರಲಿಲ್ಲ.

ಅಂಗಡಿಗೆ ಬಂದು ಬರೆಯಲು ಕುಳಿತೆ. ವಿರೋಧ ಪಕ್ಷದವರು ಎದ್ದು ಹೋದದ್ದನ್ನು ಬರೆದೆ. ಬಹುಮತದವರು ಬಾರದೆ ಇದ್ದದ್ದನ್ನೂ ಬರೆದೆ. ಭೈರುಂಬೆಯ ಕಂಬಳಿಯ ವಿಷಯ ಬಿಟ್ಟೆ, ನನಗೂ ಸಂಸಾರ ಇತ್ತು. ಕೊನೆಗೆ ತಲೆಬರಹ. ಬಹಳ ಯೋಚಿಸಿ, ಹೊಡೆದು ಹಾಕಿ, ಮತ್ತೆ ಬರೆದು, ದುಂಡಗಿನ ಅಕ್ಷರದಲ್ಲಿ ಹೀಗೆ ಇಟ್ಟೆ: 'ಬಹುಮತ ಪಕ್ಷದ ಹೊಣೆ ಹೊರುವವರಾರು?' ಓದಿ ನೋಡಿದೆ. ಗಂಭೀರವಾಗಿತ್ತು, ಪ್ರಾಸವೂ ಇತ್ತು, ಭಾವನ ಹೆಸರು ಎತ್ತದೆ ಅವನಿಗೆ ನಾಟುವಂತೆಯೂ ಇತ್ತು. ಆ ಸಂಜೆ ಮನೆಯಲ್ಲಿ ಎರಡು ಸಲ ಚಹಾ ಕೇಳಿ ಕುಡಿದೆ.

ಎರಡು ದಿನ ಕಳೆದು ಮಧ್ಯಾಹ್ನದ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬಂತು. ದಿನವೂ ಅಂಗಡಿಯ ಮುಂದೆ ಕಾಯುವವರು ಕಾಯುತ್ತಿದ್ದರು. ನಾನು ಹುರಿ ಬಿಚ್ಚಿ ಒಳಪುಟ ತೆಗೆದೆ. ನನ್ನ ಸುದ್ದಿ ಎಂದೂ ಇಲ್ಲದಂತೆ ಪುಟದ ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ ಕುಳಿತಿತ್ತು:

ಬಹುಮತ ಪಕ್ಷದ ಹೆಣ ಹೊರುವವರಾರು?

ಇದು ಹೇಗಾಯಿತೆಂದು ಮುಂದೆ ಹುಬ್ಬಳ್ಳಿಗೆ ಹೋದಾಗ ವಿಚಾರಿಸಿದೆ. ಅಚ್ಚುಮೊಳೆ ಜೋಡಿಸುವವನು 'ಹೊ' ಅಕ್ಷರದ ಬಾಲ ಬಿಟ್ಟು 'ಹೆಣೆ' ಎಂದು ಕೂಡಿಸಿದ್ದನಂತೆ. ಕರಡು ತಿದ್ದುವವರು ಬಹಳ ಶ್ರದ್ಧೆಯ ಮನುಷ್ಯರು. 'ಹೆಣೆ' ಎಂದರೆ ಇಲ್ಲಿ ಅರ್ಥವಾಗುವುದಿಲ್ಲ, ಮುಂದೆ ನೋಡಿದರೆ 'ಹೊರುವವರಾರು' ಎಂದಿದೆ, ಹೊರುವುದು ಏನನ್ನು ಎಂದು ಯೋಚಿಸಿ ತಿದ್ದಿದರು. ಅವರನ್ನು ದೂರುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅವರಷ್ಟು ಗಮನವಿಟ್ಟು ನನ್ನ ವಾಕ್ಯವನ್ನು ಅದುವರೆಗೆ ಯಾರೂ ಓದಿರಲಿಲ್ಲ.

ಆದರೆ ಅಂದು ಅಂಗಡಿಯಲ್ಲಿ ನಿಂತವನಿಗೆ ಈ ವಿವೇಕವೆಲ್ಲ ಎಲ್ಲಿಂದ ಬರಬೇಕು? ಕಟ್ಟನ್ನು ಮತ್ತೆ ಹುರಿಯಲ್ಲಿ ಬಿಗಿದು, "ಇವತ್ತು ಪೇಪರು ಬಂದಿಲ್ಲ" ಎಂದೆ. ಕಾಯುತ್ತಿದ್ದವರು ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡಿದರು. ಮಾತು ಮುಂದುವರಿಯುವ ಮೊದಲೇ ವೀರಭದ್ರಪ್ಪನವರು ಬಂದು ಒಂದು ಪ್ರತಿ ಎಳೆದುಕೊಂಡು ನಿಂತಲ್ಲೇ ಓದಿದರು. ಅವರ ನಗು ಮೊದಲು ಮೀಸೆಯ ಕೆಳಗೆ ಇತ್ತು, ಆಮೇಲೆ ಹೊಟ್ಟೆಗೆ ಇಳಿಯಿತು, ಕೊನೆಗೆ ಅವರು ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ಬಿಟ್ಟರು. "ಏನ್ರೀ, ನಾ ಹೊಣಿ ಅಂದಿದ್ದೆ. ನೀವು ಒಮ್ಮಿಗೇ ಸುಡಗಾಡಿಗೇ ಕಳಿಸಿಬಿಟ್ರಲ್ರೀ!" ಎಂದರು. ಅರ್ಧ ಗಂಟೆಯಲ್ಲಿ ಕಟ್ಟು ಪೂರ್ತಿ ಖಾಲಿ. ನಾನು ಏಜೆಂಟನಾದ ಮೇಲೆ ಒಂದೂ ಪ್ರತಿ ಉಳಿಯದ ದಿನ ಅದೊಂದೇ. ನನಗೇ ಇಟ್ಟುಕೊಳ್ಳಲು ಒಂದು ಉಳಿಯಲಿಲ್ಲ.

ಮನೆಗೆ ಹೋದರೆ ಶಾರದೆ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಪತ್ರಿಕೆ ಇತ್ತು. ನಾನು ಕೊಟ್ಟದ್ದಲ್ಲ.

"ನಿಂಗಕ್ಕೆ ಬೇರೆ ಶಬ್ದ ಸಿಕ್ಕಿದ್ದಿಲ್ಯ?" ಎಂದಳು.

"ಆನು ಹೊಣೆ ಹೇಳಿ ಬರದಿದ್ದೆ."

"ಹೊಣೆ ಹೇಳಿ ಬರದ್ರೆ ಹೆಣ ಆಗ್ತಾ? ಯಂಗೂ ಓದಲೆ ಬತ್ತು."

ಅಷ್ಟು ಹೇಳಿ ಒಳಗೆ ಹೋದಳು. ಊಟಕ್ಕೆ ಬಡಿಸಿದಳು, ಆದರೆ ಸಾರು ಬೇಕೇ ಎಂದು ಕೇಳದೆ ಬಡಿಸಿದಳು. ಮದುವೆಯಾದವರಿಗೆ ಇದರ ತೂಕ ಗೊತ್ತು.

ಮರುದಿನ ಬೆಳಿಗ್ಗೆ ಭಾವನೇ ಬಂದ. ಜಗಲಿಯಲ್ಲಿ ಕೂರಲಿಲ್ಲ, ನಿಂತೇ ಕೂಗಿದ. "ಎಂತದಾ ಭಾವ ಇದು? ಆನು ನಿಂಗೆ ಎಂತ ಅನ್ಯಾಯ ಮಾಡಿದ್ದೆ? ನಿನ್ನೆಯಿಂದ ದಾರಿಯಲ್ಲಿ ಹೋದವೆಲ್ಲ 'ಯಾವಾಗ ಎತ್ತದು' ಹೇಳಿ ಕೇಳ್ತಾ ಇದ್ದ!" ನಾನು ಬರೆದದ್ದು 'ಹೊಣೆ' ಎಂದು ಹೇಳಲು ಹೊರಟೆ. ಶಾರದೆ ಅಣ್ಣನಿಗೆ ಚಹಾ ತಂದುಕೊಟ್ಟು, ನನಗೆ ತರದೆ, ಬಾಗಿಲಿಗೆ ಒರಗಿ ನಿಂತಳು. ಅಷ್ಟರಲ್ಲಿ ಬೆಳಗಿನ ಬಸ್ಸು ಬಂದು ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಒಂದು ಅಳು ಕೇಳಿಸಿತು. ಅಳು ಹತ್ತಿರ ಹತ್ತಿರ ಬಂದು, ಬಸ್ಸಿನಿಂದ ಬರುವವರಿಗೆ ಮೊದಲು ಸಿಗುವ ನಮ್ಮ ಮನೆಯ ಬೇಲಿಬಾಗಿಲ ದಣಪೆಯನ್ನೇ ದಾಟಿತು.

ಬಂದವರು ಉಮ್ಮಚಗಿಯ ದೊಡ್ಡಮ್ಮ, ಭಾವನ ಮತ್ತು ಶಾರದೆಯ ತಾಯಿಯ ಅಕ್ಕ. ಅವರ ಹಿಂದೆ ನಾಲ್ಕು ಜನ ಗಟ್ಟಿ ಆಳುಗಳು, ಹೆಗಲ ಮೇಲೆ ಪಂಚೆ, ಮುಖದಲ್ಲಿ ಸಂದರ್ಭಕ್ಕೆ ತಕ್ಕ ಮೌನ. ದೊಡ್ಡಮ್ಮ ಕಣ್ಣೊರೆಸಿಕೊಂಡು, "ಶಾರದೇ, ಸುಬ್ರಾಯ ಹೋದ್ನಡಲೇ! ಹೊರ್ಲೂ ಜನ ಇಲ್ಲೆ ಹೇಳಿ ಪೇಪರಲ್ಲಿ ಬಂಜಡ. ಬಹುಮತದ ಪಕ್ಷ ಅಂದ್ರೆ ಸುಬ್ರಾಯನೇ ಹೇಳಿ ನೆರೆಮನೆಯವು ಓದಿ ಹೇಳಿದ್ದು. ಅದಕ್ಕೇ ನಾಲ್ಕು ಜನ ಕರ್ಕಂಡು..." ಎನ್ನುತ್ತ ಜಗಲಿ ಹತ್ತಿದವರು, ಚಹಾದ ಲೋಟ ಹಿಡಿದು ನಿಂತ ಭಾವನನ್ನು ನೋಡಿ ಅಲ್ಲೇ ನಿಂತುಬಿಟ್ಟರು.

ನಾಲ್ವರಲ್ಲಿ ಒಬ್ಬ ಹೆಗಲ ಮೇಲಿನ ಪಂಚೆಯನ್ನು ಮೆಲ್ಲಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ದೊಡ್ಡಮ್ಮ ಹತ್ತಿರ ಹೋಗಿ ಭಾವನ ಕೆನ್ನೆ ಮುಟ್ಟಿ ನೋಡಿದರು, ತಲೆ ಸವರಿದರು, ಮತ್ತೆ ಅತ್ತರು. ಈ ಸಲದ ಅಳು ಬೇರೆಯೇ ಆಗಿತ್ತು. ಭಾವನ ಕೂಗಾಟವೆಲ್ಲ ಎಲ್ಲಿ ಹೋಯಿತೋ, ಅವನು ಸಣ್ಣ ಹುಡುಗನ ಹಾಗೆ, "ಎಂತೂ ಆಯ್ದಿಲ್ಲೆ ದೊಡ್ಡಮ್ಮ, ಎಂತೂ ಆಯ್ದಿಲ್ಲೆ" ಎನ್ನುತ್ತಿದ್ದ. ಶಾರದೆ ಒಳಗೆ ಓಡಿ ಐದು ಲೋಟ ಬೆಲ್ಲದ ಪಾನಕ ಮಾಡಿ ತಂದಳು. ನನಗೆ ಆಗಲೂ ಸಿಗಲಿಲ್ಲ.

ಕುಡಿದು ಸುಧಾರಿಸಿಕೊಂಡ ಮೇಲೆ ದೊಡ್ಡಮ್ಮ, "ಹಂಗಾರೆ ಪೇಪರಲ್ಲಿ ಬಂದದ್ದು ಎಂತದು?" ಎಂದು ವಿಚಾರಿಸಿದರು. ನಾನು ಹೊಣೆ ಹೆಣವಾದ ಕಥೆ ಹೇಳಿದೆ. ಅವರಿಗೆ ಅದರಲ್ಲಿ ಆಸಕ್ತಿ ಬರಲಿಲ್ಲ. "ಅದಿರ್ಲಿ. ಸಭೆ ಎಂತಕ್ಕೆ ಬಿತ್ತು?" ಎಂದರು. ಭಾವ ಸ್ವಲ್ಪ ಹಿಂದೆ ಮುಂದೆ ನೋಡಿ, ವಿರೋಧ ಪಕ್ಷದವರು ಎದ್ದು ಹೋದದ್ದನ್ನು ಹೇಳಿದ.

"ನಿನ್ನ ಜನ ಎಲ್ಲಿದ್ದಿದ್ದ?"

"ಭೈರುಂಬೆಗೆ ಮದುವೆಗೆ ಹೋಗಿದ್ದ ದೊಡ್ಡಮ್ಮ. ಉಂಡ್ಕಂಡು ಅಲ್ಲೇ ಒರಗಿದ್ದ."

ದೊಡ್ಡಮ್ಮ ಲೋಟ ಕೆಳಗಿಟ್ಟರು. "ತಮಾ, ನಿನ್ನ ಹೆಣ ಹೊರ್ಲೆ ಹೇಳಿ ಆನು ಮುದುಕಿ ಉಮ್ಮಚಗಿಯಿಂದ ನಾಲ್ಕು ಜನ ಎಬ್ಬಿಸ್ಕಂಡು ಬೈಂದೆ. ನೀನು ಬದುಕಿದ್ದವ, ಭೈರುಂಬೆಯಿಂದ ನಿನ್ನ ಜನನ ಎಬ್ಬಿಸ್ಕಂಡು ಬಪ್ಪಲೆ ಆಜಿಲ್ಯ?"

ವಿರೋಧ ಪಕ್ಷದವರ ಎದುರು, ಮಾಮಲೇದಾರರ ಎದುರು, ಒಮ್ಮೆ ಮಂತ್ರಿಗಳ ಎದುರೂ ನಿಲ್ಲದೆ ಮಾತಾಡಿದ ಭಾವ, ಖಾಲಿಯಾದ ಚಹಾ ಲೋಟವನ್ನೇ ಮತ್ತೊಮ್ಮೆ ಬಾಯಿಗೆ ಎತ್ತಿದ. ಬಾಗಿಲಲ್ಲಿ ನಿಂತ ಶಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಅದನ್ನು ನೋಡಿ ಭಾವನಿಗೂ ನಗು ಬಂತು. ಆ ನಾಲ್ವರೂ ಇಷ್ಟು ಹೊತ್ತು ತಡೆದುಕೊಂಡದ್ದನ್ನು ಬಿಟ್ಟರು. ನಾನು ನಗಬಹುದೇ ಎಂದು ಶಾರದೆಯ ಮುಖ ನೋಡಿದೆ. ಅವಳು ಒಳಗೆ ಹೋಗಿ ನನಗೂ ಒಂದು ಲೋಟ ಪಾನಕ ತಂದಳು.

ದೊಡ್ಡಮ್ಮ ಅಂದು ಆ ನಾಲ್ವರಿಗೆ ಹೊಟ್ಟೆ ತುಂಬ ಊಟ ಹಾಕಿಸಿ ಊರಿಗೆ ಕಳಿಸಿದರು. ತಾವು ಮಾತ್ರ ಹೊರಡಲಿಲ್ಲ. ಸಭೆ ಆದ ಮೇಲೆಯೇ ಹೋಗುವುದೆಂದರು. ಭಾವ ಅದೇ ವಾರ ಸಭೆ ಕರೆದ. ಸುಮ್ಮನೆ ನೋಟೀಸು ಕಳಿಸಲಿಲ್ಲ, ಬಾಡಿಗೆ ಕಾರು ಮಾಡಿಕೊಂಡು ತನ್ನ ಪಕ್ಷದ ಒಬ್ಬೊಬ್ಬ ಸದಸ್ಯನ ಮನೆಗೂ ಹೋದ. ಕಾರಿನ ಹಿಂದಿನ ಸೀಟಿನಲ್ಲಿ ಎಲೆಅಡಿಕೆಯ ಕವಳದ ಸಂಚಿ ಹಿಡಿದುಕೊಂಡು ದೊಡ್ಡಮ್ಮ. ಅವರು ಯಾರಿಗೂ ಏನೂ ಹೇಳಲಿಲ್ಲವಂತೆ. ಪ್ರತಿ ಮನೆಯಲ್ಲಿಯೂ ಯಜಮಾನನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಆರಾಮಿದ್ಯಲ?" ಎಂದಷ್ಟೇ ಕೇಳಿದರಂತೆ. ದೊಡ್ಡಮ್ಮ ನಾಲ್ಕು ಜನ ಹೊರುವವರನ್ನು ಕರೆತಂದ ಸುದ್ದಿ ಅದಾಗಲೇ ಮೂರೂ ತಾಲೂಕು ಸುತ್ತಿ ಬಂದಿತ್ತು. ಯಾರಿಗೂ ಎರಡನೆಯ ಮಾತು ಬೇಕಾಗಲಿಲ್ಲ.

ಸಭೆ ಮೂರು ಗಂಟೆಗೆ. ನಾನು ಈ ಬೋರ್ಡನ್ನು ವರ್ಷಗಳಿಂದ ಬಲ್ಲವನು. ಮೂರು ಎಂದರೆ ನಾಲ್ಕು, ನಾಲ್ಕು ಎಂದರೆ ಚಹಾ ಆದ ಮೇಲೆ. ಅಂದು ದೊಡ್ಡಮ್ಮನ ಗೌರವಕ್ಕೆ ಶಾರದೆ ಕಾಯಿ ಕಡುಬು ಮಾಡಿದ್ದಳು, ಮತ್ತು ಆ ತಲೆಬರಹ ಬಂದ ಮೇಲೆ ಮೊದಲ ಸಲ ಬೇಕೇ ಎಂದು ಕೇಳಿ ಕೇಳಿ ಬಡಿಸಿದಳು. ನಾನು ಬೇಡ ಎನ್ನಲಿಲ್ಲ. ಜಗಲಿಯ ತಂಪು ಗೋಡೆಗೆ ಬೆನ್ನು ಕೊಟ್ಟು, ವರದಿಗೆ ಒಳ್ಳೆಯದೊಂದು ತಲೆಬರಹ ಯೋಚಿಸೋಣ ಎಂದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಬಿಸಿಲು ಅಂಗಳ ದಾಟಿತ್ತು. ಅಂಗಿ ತೊಡುತ್ತಲೇ ಓಡಿದೆ.

ಬೋರ್ಡಿನ ಬಾಗಿಲಲ್ಲಿ ಸದಸ್ಯರು ಕವಳ ಹಾಕುತ್ತ, ನಗುತ್ತ, ಹೊರಗೆ ಬರುತ್ತಿದ್ದರು. ಆಡಳಿತದವರು, ವಿರೋಧದವರು, ಮಗಳ ಮದುವೆ ಮಾಡಿದವರು, ಎಲ್ಲರೂ. ಬೋರ್ಡು ಹುಟ್ಟಿದ ಮೇಲೆ ಹೇಳಿದ ಹೊತ್ತಿಗೆ ಶುರುವಾದ ಮೊದಲನೆಯ ಸಭೆ, ಸೇತುವೆಯ ನಿರ್ಣಯವನ್ನು ಒಬ್ಬರ ವಿರೋಧವೂ ಇಲ್ಲದೆ ಒಪ್ಪಿ, ನಾನು ಬರುವ ಮೊದಲೇ ಮುಗಿದು ಹೋಗಿತ್ತು. ಇಷ್ಟು ಕೂಡ ನನಗೆ ತಿಳಿದದ್ದು ಆಮೇಲೆ. ಆ ಕ್ಷಣಕ್ಕೆ ನಾನು ಏದುಸಿರು ಬಿಡುತ್ತ ಭಾವನ ಕೈ ಹಿಡಿದು, "ಭಾವ, ಸಭೆಯಲ್ಲಿ ಎಂತ ಆತು?" ಎಂದು ಕೇಳಿದೆ.

ಅವನು ನನ್ನ ಬಾತ ಕಣ್ಣುಗಳನ್ನೂ, ತಪ್ಪು ಗುಂಡಿಗೆ ಸಿಕ್ಕಿಸಿದ ಅಂಗಿಯನ್ನೂ ಸಾವಕಾಶವಾಗಿ ನೋಡಿದ. ಪಕ್ಕದಲ್ಲಿದ್ದ ವೀರಭದ್ರಪ್ಪನವರ ಕಡೆ ಒಮ್ಮೆ ನೋಡಿದ. ಆಮೇಲೆ ಬಹಳ ಪ್ರೀತಿಯಿಂದ ನನ್ನ ಬೆನ್ನು ತಟ್ಟಿ, "ನಾಳೆ ಪೇಪರಲ್ಲಿ ಬತ್ತು, ಓದ್ಕ್ಯ ಮಾರಾಯ" ಎಂದು ಹೇಳಿ ಮೆಟ್ಟಿಲಿಳಿದ.